ಹಳೆಯ ಕಾರಿನ ಲೋಹಕ್ಕೆ ಕೈ ಹಾಕುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಅಜ್ಜನ ಕಾಲದ ಫೋರ್ಡ್ ಇರಲಿ, ಅಪ್ಪ ಕೊಂಡ ಫಿಯೆಟ್ 1100 ಇರಲಿ, ಪೂರ್ತಿ ಬಿಚ್ಚಿ ಮೊದಲಿನಂತೆ ಮಾಡಿಸಲು ಹೊರಟವರಿಗೆ ಈ ಸೂಚನೆ. ಪೇಂಟ್ ತಪ್ಪಾದರೆ ಮತ್ತೆ ಹೊಡೆಸಬಹುದು. ಲೋಹದ ಮೇಲೆ ಕಾರ್ಖಾನೆ ಕೊಟ್ಟಿದ್ದ ಹೊದಿಕೆಯನ್ನು ಒಮ್ಮೆ ಆಸಿಡ್‌ಗೆ ಅದ್ದಿದರೆ ಮುಗಿಯಿತು, ಅಲ್ಲಿ ಏನಿತ್ತು ಎಂದು ಹೇಳುವ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ.

ಮಾಡಬೇಕಾದ್ದು

ಮೊದಲು ನೋಡಿ, ಆಮೇಲೆ ತೊಳೆಯಿರಿ. ಪ್ರತಿ ಭಾಗವನ್ನೂ ಬಿಚ್ಚುವ ಮುನ್ನ ಫೋಟೊ ತೆಗೆಯಿರಿ, ಬಿಚ್ಚಿದ ಮೇಲೆ ಹಿಂಬದಿಯದೂ ತೆಗೆಯಿರಿ. ಮೂಲ ಹೊದಿಕೆ ಉಳಿದಿರುವುದು ಬಿಸಿಲು ಮಳೆ ತಾಗದ ಕಡೆ: ವಾಷರ್ ಅಡಿ, ಕ್ಲಾಂಪ್ ಒಳಗೆ, ನಂಬರ್ ಪ್ಲೇಟ್ ಹಿಂದೆ, ಡ್ಯಾಶ್‌ಬೋರ್ಡ್ ಒಳಗೆ. ಬಾನೆಟ್ ಅಡಿಯ ಯಾವುದಾದರೂ ಬ್ರಾಕೆಟ್‌ನ ಬೋಲ್ಟು ತೆಗೆದು ವಾಷರನ್ನು ಉಗುರಿನಿಂದ ಎಬ್ಬಿಸಿ. ಸುತ್ತ ಎಲ್ಲ ಕೆಂಪು ತುಕ್ಕು ಹಿಡಿದಿದ್ದರೂ ವಾಷರ್ ಕೂತಿದ್ದ ಜಾಗದಲ್ಲಿ ದುಂಡಗೆ ಒಂದು ಬಳೆ ಕಾಣುತ್ತದೆ. ಅದು ಮಬ್ಬು ಬೂದು ಬೆಳ್ಳಿಯಂತಿದ್ದರೆ ಬಹುಪಾಲು ಕ್ಯಾಡ್ಮಿಯಂ, ತುಸು ನೀಲಿ ಹೊಳಪಿದ್ದರೆ ಸತು, ಹೊಳಪೇ ಇಲ್ಲದೆ ಕಪ್ಪು ಬೂದಾಗಿದ್ದರೆ ಫಾಸ್ಫೇಟ್. ಆ ಬಳೆಯೇ ನಿಮ್ಮ ಕಾರಿನ ಅಸಲಿ ದಾಖಲೆ. ಮಾಡೆಲ್ ಪುಸ್ತಕ ಬೇರೆ ಹೇಳಿದರೂ ಮೊದಲು ಇದನ್ನು ನಂಬಿ.

ಕಾರಿನ ವರ್ಷಕ್ಕೆ ತಕ್ಕ ಲೋಹವನ್ನೇ ಹಾಕಿಸಿ. ಕಾರುಗಳ ಮೇಲೆ ಕ್ರೋಮ್ ಬಂದದ್ದು 1920ರ ದಶಕದ ಕೊನೆಯ ವರ್ಷಗಳಲ್ಲಿ. ಅದಕ್ಕೂ ಹಿಂದೆ ನಿಕಲ್, ಇನ್ನೂ ಹಿಂದೆ ಹಿತ್ತಾಳೆ. ಫೋರ್ಡ್ ಮಾಡೆಲ್ ಟಿ ಕಾರಿನ ಹಿತ್ತಾಳೆ ರೇಡಿಯೇಟರ್ 1917ರ ಮಾಡೆಲ್‌ಗೆ ಹೋಗಿ ಕಪ್ಪು ಬಣ್ಣದ ಕವಚ ಬಂತು. ಮಾಡೆಲ್ ಎ ಕಾರಿಗೆ 1928, 1929ರಲ್ಲಿ ನಿಕಲ್, 1930ರಿಂದ ಸ್ಟೇನ್‌ಲೆಸ್ ಸ್ಟೀಲ್. ಹೀಗಿರುವಾಗ 1928ರ ಕಾರಿಗೆ ಫಳಫಳ ಕ್ರೋಮ್ ಹಾಕಿಸಿದರೆ ಅದು ಆ ಕಾರಲ್ಲ. ನಿಕಲ್ ಮತ್ತು ಕ್ರೋಮ್ ವ್ಯತ್ಯಾಸ ತಿಳಿಯಬೇಕಾದರೆ ಎರಡನ್ನೂ ಟ್ಯೂಬ್‌ಲೈಟ್ ಅಡಿ ನೋಡಬೇಡಿ, ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಹಿಡಿಯಿರಿ. ನಿಕಲ್‌ನಲ್ಲಿ ನಸುಹಳದಿ ಬೆಚ್ಚಗಿನ ಛಾಯೆ ಇರುತ್ತದೆ, ಕ್ರೋಮ್‌ನಲ್ಲಿ ತಣ್ಣನೆಯ ನೀಲಿ.

ಜೇಬಿನಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಗಟ್ಟಿಯಾಗಿ ಹಿಡಿದರೆ ಒಳಗೆ ಉಕ್ಕು. ಹಿಡಿಯದಿದ್ದರೆ ಹಿತ್ತಾಳೆ, ಅಲ್ಯೂಮಿನಿಯಂ ಅಥವಾ ಸತುವಿನ ಎರಕ. ಸ್ಟೇನ್‌ಲೆಸ್‌ನಲ್ಲಿ ಮಾತ್ರ ಎರಡು ಬಗೆಯೂ ಉಂಟು, ಅಲ್ಲಿ ಅಯಸ್ಕಾಂತವೊಂದನ್ನೇ ನಂಬಬೇಡಿ.

ಪ್ಲೇಟಿಂಗ್‌ನವರಿಗೆ ಬರೆದು ಕೊಡಿ. ಬಾಯಿಮಾತು ಸಾಲದು. ಒಳ್ಳೆಯ ಬಂಪರ್‌ಗೆ ಮೊದಲು ತಾಮ್ರ, ಅದಕ್ಕೆ ಬಫಿಂಗ್, ಮೇಲೆ ನಿಕಲ್, ಕೊನೆಗೆ ಕ್ರೋಮ್. ಕ್ರೋಮ್‌ನ ಪದರ ಒಂದು ಮೈಕ್ರಾನ್ ದಪ್ಪವೂ ಇರುವುದಿಲ್ಲ. ಹೊಳಪನ್ನೂ ತುಕ್ಕಿನಿಂದ ಕಾಪನ್ನೂ ಕೊಡುವುದು ಅಡಿಯ ನಿಕಲ್. ನಿಕಲ್ ತೆಳುವಾಗಿಸಿ ಮೇಲೆ ಕ್ರೋಮ್ ಹಾಯಿಸಿ ಕೊಟ್ಟರೆ ಒಂದು ಮಳೆಗಾಲಕ್ಕೇ ಬಂಪರ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಆದ್ದರಿಂದ ಎಷ್ಟು ನಿಕಲ್ ಎಂದು ಕೇಳಿ, ಉತ್ತರ ಬಾರದಿದ್ದರೆ ಬೇರೆ ಅಂಗಡಿ ನೋಡಿ. ತ್ಯಾಜ್ಯ ನೀರನ್ನು ಏನು ಮಾಡುತ್ತೀರಿ ಎಂದೂ ಕೇಳಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ಕಾರಿನ ಚೆಂದಕ್ಕೆ ಇನ್ನೊಬ್ಬರ ಬೋರ್‌ವೆಲ್ ಕೆಡಬಾರದು.

ಮಾಡಬಾರದ್ದು

ಕ್ಯಾಡ್ಮಿಯಂ ಇರುವ ಬೋಲ್ಟನ್ನು ಗ್ಯಾಸ್ ಕಟರ್‌ನಿಂದ ಕಾಯಿಸಬಾರದು, ಒಣಗಿದ್ದಂತೆಯೇ ಗ್ರೈಂಡರ್‌ಗೆ ಹಿಡಿಯಬಾರದು. ಅದರ ಹೊಗೆ, ಧೂಳು ಎರಡೂ ವಿಷ. ಶ್ವಾಸಕೋಶ, ಮೂತ್ರಪಿಂಡ ಹಾಳಾಗುತ್ತವೆ. ಮತ್ತೆ ಕ್ಯಾಡ್ಮಿಯಂ ಹಾಕಿಸುವ ಅಸಲಿತನದ ಹಟವೂ ಬೇಡ: ಹೊಳಪು ತಗ್ಗಿಸಿದ ಸತುವಿನ ಪ್ಲೇಟಿಂಗ್ ಕಣ್ಣಿಗೆ ಅದರ ಹತ್ತಿರ ಬರುತ್ತದೆ, ಅಷ್ಟು ಸಾಕು.

ಸಿಕ್ಕ ನಟ್ಟು ಬೋಲ್ಟಿಗೆಲ್ಲ ಹಳದಿ ಪ್ಲೇಟಿಂಗ್ ಬೇಡ. ಎಂಜಿನ್ ಕೋಣೆ ತುಂಬ ಕಾಮನಬಿಲ್ಲು ಬಣ್ಣದ ಬೋಲ್ಟು ಹಾಕಿಸಿ ಅಸಲಿ ಎನ್ನುವ ಚಾಳಿ ಹೆಚ್ಚಾಗಿದೆ. ವಾಷರ್ ಅಡಿಯ ಬಳೆ ಆ ಬಣ್ಣ ತೋರಿಸದಿದ್ದರೆ ಅದು ತಪ್ಪು.

ಸ್ಟೀರಿಂಗ್, ಬ್ರೇಕ್, ಕನೆಕ್ಟಿಂಗ್ ರಾಡ್‌ಗಳ ಗಟ್ಟಿ ಉಕ್ಕಿನ ಬೋಲ್ಟು, ಸ್ಪ್ರಿಂಗುಗಳನ್ನು ಮಾಮೂಲಿ ಪ್ಲೇಟಿಂಗ್ ರಾಶಿಯ ಜೊತೆ ಕಳಿಸಲೇಬಾರದು. ಆಸಿಡ್‌ನಲ್ಲಿ, ಪ್ಲೇಟಿಂಗ್ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಬೋಲ್ಟು ನೋಡಲು ಹೊಸದರಂತಿರುತ್ತದೆ, ಬಿಗಿದ ಮೇಲೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಪ್ಲೇಟಿಂಗ್ ಮಾಡಲೇಬೇಕಾದರೆ ಮುಗಿದ ನಾಲ್ಕು ಗಂಟೆಯೊಳಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಹಲವು ಗಂಟೆ ಇಡಬೇಕು. ಆ ಸೌಕರ್ಯವಿಲ್ಲದ ಅಂಗಡಿಗೆ ಕೊಡಬೇಡಿ. ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು, ಮೆಕ್ಯಾನಿಕ್ ಏನೇ ಹೇಳಲಿ ಸಡಿಲ ಬಿಡಬೇಡಿ.

ಸತುವಿನ ಎರಕದ ಹಿಡಿ, ಲಾಂಛನ, ಅಕ್ಷರಗಳನ್ನು ಉಕ್ಕಿನ ಸಾಮಾನಿನ ಜೊತೆ ಆಸಿಡ್‌ಗೆ ಹಾಕಬಾರದು, ಕರಗಿಹೋಗುತ್ತವೆ. ಕಾಯಿಸಲೂ ಬಾರದು: 400 ಡಿಗ್ರಿ ಸೆಲ್ಸಿಯಸ್ ತಲುಪುವ ಮೊದಲೇ ಎರಕ ಕರಗುತ್ತದೆ. ಅಲ್ಯೂಮಿನಿಯಂ ಪಟ್ಟಿಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬಾರದು.

ಲಾಂಛನದ ಅಂಚು ಸವೆಯುವವರೆಗೆ ಬಫ್ ಹಿಡಿಯಬಾರದು. ಅಕ್ಷರದ ಮೂಲೆ ಒಮ್ಮೆ ದುಂಡಾದರೆ ಮತ್ತೆ ಚೂಪಾಗದು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಹೆಡ್‌ಲೈಟ್ ಒಳಗನ್ನು ಪಾಲಿಶ್ ಹಾಕಿ ಉಜ್ಜಬಾರದು. ಅಂಥ ಬಹಳಷ್ಟು ದೀಪಗಳಲ್ಲಿ ಹಿತ್ತಾಳೆಯ ಮೇಲೆ ಬೆಳ್ಳಿ ಹೊದಿಸಿರುತ್ತಾರೆ. ಮೆತ್ತನೆಯ ಬಟ್ಟೆಯಲ್ಲಿ ಪಾಲಿಶ್ ಹಾಕಿದರೂ ಬೆಳ್ಳಿ ಎದ್ದು ಬಟ್ಟೆ ಕಪ್ಪಾಗುತ್ತದೆ, ಹಿತ್ತಾಳೆ ಇಣುಕುತ್ತದೆ. ಅಲ್ಲಿಗೆ ಕ್ರೋಮ್ ಹಾಕಿಸುವುದು ಇನ್ನೂ ಕೆಟ್ಟದ್ದು. ಬೆಳ್ಳಿ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 90ಕ್ಕೂ ಹೆಚ್ಚನ್ನು ಹಿಂದಿರುಗಿಸಿದರೆ ಕ್ರೋಮ್ ಮೂರನೇ ಎರಡರಷ್ಟನ್ನು ಮಾತ್ರ. ಮತ್ತೆ ಬೆಳ್ಳಿಯನ್ನೇ ಹಾಕಿಸಿ.

ಹಳೆಯ ರೋಲ್ಸ್-ರಾಯ್ಸ್ ರೇಡಿಯೇಟರ್‌ನ ಜರ್ಮನ್ ಸಿಲ್ವರ್‌ಗೆ ಯಾವ ಪ್ಲೇಟಿಂಗ್ ಕೂಡ ಬೇಡ. ತಾಮ್ರ, ನಿಕಲ್, ಸತು ಬೆರೆತ ಆ ಲೋಹ ಮಾಸುತ್ತದೆ, ಆಗಾಗ ಒರೆಸಬೇಕಾಗುತ್ತದೆ. ಒರೆಸಿ. ಹಿತ್ತಾಳೆ ದೀಪವನ್ನು ಹುಣಸೆಹಣ್ಣು ಮೆತ್ತಿ ಗಂಟೆಗಟ್ಟಲೆ ಬಿಡಬಾರದು, ಕೆಂಪು ಮಚ್ಚೆ ಬೀಳುತ್ತದೆ.

ಷಾಸಿ ನಂಬರ್, ಎಂಜಿನ್ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್, ಮರಳು ಬ್ಲಾಸ್ಟಿಂಗ್ ಎರಡೂ ಖಂಡಿತ ಕೂಡದು. 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿಗೆ ಕಾರು 50 ವರ್ಷ ದಾಟಿರಬೇಕು, ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ನಂಬರ್ ಅಳಿಸಿದ ಕಾರನ್ನು ಹಿಡಿದು ಆರ್‌ಟಿಒ ಮುಂದೆ ನಿಂತರೆ ವಾದಕ್ಕೆ ಜಾಗವಿರುವುದಿಲ್ಲ.

ಇನ್ನು ಮೂಲ ಹೊದಿಕೆ ಮುಕ್ಕಾಲು ಪಾಲು ಚೆನ್ನಾಗಿಯೇ ಉಳಿದಿರುವ ಭಾಗವಿದ್ದರೆ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ತೆಳುವಾಗಿ ಮೇಣ ಸವರಿ ಹಾಗೆಯೇ ಜೋಡಿಸಿ. ಅಲ್ಲಲ್ಲಿ ಮಾಸಿದ್ದಕ್ಕೆ ನಾಚಿಕೊಳ್ಳಬೇಕಿಲ್ಲ. ಬದಲಾಯಿಸಲೇಬೇಕಾದ ಬೋಲ್ಟು, ಬ್ರಾಕೆಟ್‌ಗಳನ್ನು ಗುಜರಿಗೆ ಹಾಕಬೇಡಿ. ಎಲ್ಲಿಂದ ತೆಗೆದದ್ದು ಎಂದು ಚೀಟಿ ಕಟ್ಟಿ ಡಬ್ಬಿಯಲ್ಲಿಡಿ, ಯಾವುದಕ್ಕೆ ಏನು ಹಾಕಿಸಿದಿರಿ ಎಂದು ಬರೆದು ಕಾರಿನ ಕಾಗದಪತ್ರದ ಜೊತೆ ಸೇರಿಸಿ, ಕಾರು ಕೈ ಬದಲಾದಾಗ ಡಬ್ಬಿಯನ್ನೂ ಜೊತೆಗೇ ಕೊಡಿ.