ಕಡಲ ತಳದ ಭೂಕಂಪಮಾಪಕ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತಿದವರಿಗೆ ಕಾಲಡಿಯ ಬಂಡೆ ಅಚಲವೆಂದೇ ತೋರುತ್ತದೆ. ರಾಮನಗರದ ಕಡೆಯಿಂದ ಮಧುಗಿರಿ, ಪಾವಗಡಗಳವರೆಗೆ ಹಬ್ಬಿರುವ ಈ ಕ್ಲೋಸ್‌ಪೇಟೆ ಗ್ರಾನೈಟಿನ ವಯಸ್ಸು ಸುಮಾರು 250 ಕೋಟಿ ವರ್ಷ. ಆದರೆ ಇಂಥ ನೆಲವೂ ದೂರದ ಭೂಕಂಪಗಳಿಗೆ ಸೂಕ್ಷ್ಮವಾಗಿ ಕಂಪಿಸುತ್ತದೆ. ಈ ಕಂಪನವನ್ನು ದಾಖಲಿಸಲೆಂದೇ ನೆರೆಯ ಗೌರಿಬಿದನೂರಿನಲ್ಲಿ 1965ರಲ್ಲಿ ನಮ್ಮ ಅಣುಶಕ್ತಿ ವಿಜ್ಞಾನಿಗಳು ಬ್ರಿಟನ್ನಿನವರ ಸಹಕಾರದಿಂದ ಭೂಕಂಪಮಾಪಕಗಳನ್ನು ‘ಎಲ್’ ಅಕ್ಷರದ ಆಕಾರದಲ್ಲಿ ಹೂಡಿದರು. ದೂರದ ಭೂಕಂಪವನ್ನೂ ಅಣುಸ್ಫೋಟವನ್ನೂ ಗುರುತಿಸುವುದು ಅವುಗಳ ಕೆಲಸ. ಹಾಗಾದರೆ ಕೆಲವು ವಿಜ್ಞಾನಿಗಳು ಇಂಥ ಯಂತ್ರವನ್ನು ಸಮುದ್ರದ ತಳಕ್ಕೇ ಇಳಿಸುವುದೇಕೆ?

ಅಂಡಮಾನಿನ ಉದಾಹರಣೆಯನ್ನು ನೋಡೋಣ. ಅಲ್ಲಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ನೂರು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಸಿಡಿಯಿತು. ಅಲ್ಲಿ ಭಾರತವನ್ನು ಹೊತ್ತ ಶಿಲಾಫಲಕದ ಪೂರ್ವದ ಅಂಚು ಇನ್ನೊಂದು ಫಲಕದ ಅಡಿಗೆ ಜಾರುತ್ತಿದೆ. ಜಾರುವಾಗ ತನ್ನ ಖನಿಜಗಳಲ್ಲಿ ನೀರನ್ನೂ ಒಯ್ಯುತ್ತದೆ. ಸುಮಾರು ನೂರು ಕಿಲೋಮೀಟರ್ ಆಳದಲ್ಲಿ ಆ ನೀರು ಬಿಡುಗಡೆಯಾಗಿ ಮೇಲಿನ ಮ್ಯಾಂಟಲ್ ಪದರವನ್ನು ಸೇರುತ್ತದೆ. ಒಣ ಬೆಲ್ಲದ ಅಚ್ಚನ್ನು ಒಲೆಯ ಮೇಲಿಟ್ಟರೆ ಸೀದುಹೋಗುತ್ತದೆ. ತುಸು ನೀರು ಹಾಕಿದರೆ ಬೇಗನೆ ಪಾಕವಾಗುತ್ತದೆ. ಹೋಲಿಕೆ ಪೂರ್ತಿ ಸರಿಯಲ್ಲವಾದರೂ, ನೀರು ಸೇರಿದ ಶಿಲೆ ಕಡಿಮೆ ಉಷ್ಣತೆಯಲ್ಲೇ ಕರಗುವುದಂತೂ ನಿಜ. ಹಾಗೆ ಕರಗಿದ ರಸವೇ ಮೇಲೇರಿ ದ್ವೀಪಗಳ ಸಾಲನ್ನು ಕಟ್ಟುತ್ತದೆ.

ಆ ಆಳಕ್ಕೆ ಕೊಳವೆ ಬಾವಿ ಕೊರೆಯಲಾಗದು. ಭೂಕಂಪದ ಅಲೆಗಳೇ ನಮ್ಮ ದೂತರು. ತಣ್ಣನೆಯ ಮ್ಯಾಂಟಲಿನಲ್ಲಿ ದ್ವಿತೀಯಕ ಅಲೆಯ ವೇಗ ಸೆಕೆಂಡಿಗೆ ಸುಮಾರು 4.5 ಕಿ.ಮೀ. ಎಂದರೆ ನೂರು ಕಿ.ಮೀ. ದಾರಿಗೆ ಸುಮಾರು 22 ಸೆಕೆಂಡು. ಬಿಸಿಯಾಗಿ ಅಲ್ಪಸ್ವಲ್ಪ ಕರಗಿದ ಶಿಲೆಯಲ್ಲಿ ವೇಗ ನೂರಕ್ಕೆ 5ರಷ್ಟು ಕುಗ್ಗಿದರೆ, ಅಲೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು ತಡವಾಗಿ ಬರುತ್ತದೆ. ಭೂಗರ್ಭದ ಸುದ್ದಿಯೆಲ್ಲ ಆ ಒಂದು ಸೆಕೆಂಡಿನಲ್ಲಿದೆ.

ಆದರೆ ಗೌರಿಬಿದನೂರಿಗೆ ಬಂದ ಅಲೆ ಸಾವಿರಾರು ಮೈಲಿ ನಡೆದು ಬಂದಿರುತ್ತದೆ. ದಾರಿಯಲ್ಲಿ ಎಲ್ಲಿ ತಡವಾಯಿತೆಂದು ಅದೊಂದೇ ಹೇಳಲಾರದು. ಶಿರಾ ಸೀಮೆಯ ಒಂದೇ ಬಾವಿಯನ್ನು ಅಳೆದು ತಾಲ್ಲೂಕಿನ ಅಂತರ್ಜಲವನ್ನೆಲ್ಲ ಹೇಳಬಹುದೆ? ಹಲವು ಬಾವಿಗಳನ್ನು ನೋಡಬೇಕು. ದ್ವೀಪಮಾಲೆಯ ಸುತ್ತ ಇರುವುದು ಸಮುದ್ರ. ಆದ್ದರಿಂದ ಯಂತ್ರಗಳನ್ನು ಅದರ ತಳದಲ್ಲೇ ಸಾಲಾಗಿ ಇಡಬೇಕು.

ಯಂತ್ರವನ್ನು ನೀರಿನ ಒತ್ತಡ ತಡೆಯುವ ಗೋಳದಲ್ಲಿ ಮುಚ್ಚಿ, ಭಾರ ಕಟ್ಟಿ ಹಡಗಿನಿಂದ ಬಿಡುತ್ತಾರೆ. ತಿಂಗಳುಗಟ್ಟಲೆ ಅದು ಕತ್ತಲಲ್ಲಿ ಕುಳಿತು ಕಂಪನಗಳನ್ನು ಬರೆದುಕೊಳ್ಳುತ್ತದೆ. ಮತ್ತೆ ಹಡಗು ಬಂದು ಶಬ್ದಸಂಕೇತ ಕಳುಹಿಸಿದರೆ ಭಾರವನ್ನು ಕಳಚಿಕೊಂಡು ತೇಲಿ ಬರುತ್ತದೆ. ಉಪಗ್ರಹದ ಸಮಯಸಂಕೇತ ನೀರಿನೊಳಗೆ ತಲುಪದು. ಆದ್ದರಿಂದ ಇಳಿಸುವ ಮುನ್ನ ಗಡಿಯಾರವನ್ನು ಸರಿಹೊಂದಿಸಿ, ಎತ್ತಿದ ಮೇಲೆ ಅದು ಎಷ್ಟು ತಪ್ಪಿದೆಯೆಂದು ಲೆಕ್ಕ ಹಾಕುತ್ತಾರೆ. ಗಡಿಯಾರವೇ ಒಂದು ಸೆಕೆಂಡು ತಪ್ಪಿ, ಅದನ್ನು ತಿದ್ದದೆ ಬಿಟ್ಟರೆ, ಇಲ್ಲದ ಶಿಲಾರಸವನ್ನು ಕಂಡಂತಾದೀತು! 2003-04ರಲ್ಲಿ ಶಾಂತಸಾಗರದ ಮರಿಯಾನಾ ದ್ವೀಪಗಳ ಸುತ್ತ ಹತ್ತಾರು ಯಂತ್ರಗಳನ್ನು ಹೀಗೆ ಇಳಿಸಿ, ಜ್ವಾಲಾಮುಖಿಗಳ ಅಡಿಯ ಮ್ಯಾಂಟಲನ್ನು ಪರೀಕ್ಷಿಸಲಾಯಿತು.

ಇದು ಬರಿಯ ಕುತೂಹಲದ ವಿದ್ಯೆಯಲ್ಲ. ಸುಮಾತ್ರ-ಅಂಡಮಾನಿನ ಇದೇ ಫಲಕಗಳ ಅಂಚು 2004ರ ಡಿಸೆಂಬರ್ 26ರಂದು ಜಾರಿದಾಗ ಎದ್ದ ಸುನಾಮಿ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು. ಅಂಥ ದಿನವನ್ನು ಮುಂಚಿತವಾಗಿ ಹೇಳುವ ಶಕ್ತಿ ಈ ಯಂತ್ರಗಳಿಗಿಲ್ಲ. ಆದರೆ ಆ ನೆಲ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯದೆ ಅದರ ಅಪಾಯವನ್ನು ಅಳೆಯುವುದು ಸಾಧ್ಯವಿಲ್ಲ. ನಮ್ಮ ಹಳೆಯ ಬಂಡೆ ದೂರದಿಂದ ಆಲಿಸಲಿ. ಹತ್ತಿರದ ಮಾತನ್ನು ಕಡಲ ತಳದ ಯಂತ್ರ ಕೇಳಲಿ. ಎರಡೂ ಕೂಡಿದಾಗಲೇ ಕಾಣದ ಆಳದ ಚಿತ್ರ ಸ್ಪಷ್ಟವಾದೀತು.