ತರಗತಿಯ ಹಿಂದೆ ಕುಳಿತು ನೋಡುವುದು ಹೇಗೆ?



ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ನಮಗೆ ರಜೆ. ಆದರೆ ಪ್ರಾಥಮಿಕ ಶಾಲೆಗಳು ಏಪ್ರಿಲ್‌ವರೆಗೂ ನಡೆಯುತ್ತವೆ. ನನ್ನ ಆಪಾ ಡಿ.ಎಲ್.ಇಡಿ. ಓದುತ್ತಿದ್ದಾರೆ. ಆಗ ಅವರು ಒಂದು ಸರ್ಕಾರಿ ಉರ್ದು ಪ್ರಾಥಮಿಕ ಶಾಲೆಗೆ ಪ್ರಶಿಕ್ಷಣಾರ್ಥಿಯಾಗಿ ಹೋಗುತ್ತಿದ್ದರು. ದಿನವಿಡೀ ಮೊಬೈಲ್ ಹಿಡಿದು ಕೂತಿದ್ದ ನನ್ನನ್ನು ನೋಡಿ ಅಮ್ಮಿಗೆ ಸಾಕಾಗಿತ್ತು. “ಇವಳನ್ನೂ ಜೊತೆಗೆ ಕರ್ಕೊಂಡು ಹೋಗು” ಎಂದರು. ಮುಖ್ಯ ಶಿಕ್ಷಕರ ಅನುಮತಿ ಪಡೆದು ನಾನು ಹನ್ನೆರಡು ದಿನ ಹೋದೆ.

ನಮ್ಮ ಕಾಲೇಜಿನಿಂದ ಪ್ರತಿ ವರ್ಷ ಕೆಲವರು ಪಿಯುಸಿ ನಂತರ ಡಿ.ಎಲ್.ಇಡಿ. ಸೇರುತ್ತಾರೆ. ಇನ್ನು ಕೆಲವರು ಮೊಹಲ್ಲಾದ ಮಕ್ಕಳಿಗೆ ಮನೆಯಲ್ಲೇ ಟ್ಯೂಷನ್ ಹೇಳುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು ನಾನು ನೋಡಿದ್ದನ್ನೂ ಮಾಡಿದ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶಿಕ್ಷಣಾರ್ಥಿಯ ಕೆಲಸ ಏನು?

ಡಿ.ಎಲ್.ಇಡಿ. ಎರಡು ವರ್ಷದ ಕೋರ್ಸು. ಮೊದಲು ಇದನ್ನು ಟಿಸಿಎಚ್ ಎನ್ನುತ್ತಿದ್ದರು, ಆಮೇಲೆ ಡಿ.ಇಡಿ. ಎಂದಾಯಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಂತೆ ಈ ಕೋರ್ಸಿನಲ್ಲಿ 20 ವಾರ ಶಾಲಾ ಅನುಭವಕ್ಕೆ ಮೀಸಲು. ಶಾಲೆಗೆ ಹೋದ ಮೊದಲ ದಿನವೇ ಸೀಮೆಸುಣ್ಣ ಹಿಡಿದು ಪಾಠ ಮಾಡುವುದಿಲ್ಲ. ಮೊದಲು ತರಗತಿಯ ಹಿಂದೆ ಕುಳಿತು ನೋಡಬೇಕು. ಆಮೇಲೆ ಶಿಕ್ಷಕರಿಗೆ ಸಹಾಯ ಮಾಡಬೇಕು. ಕೊನೆಗೆ ಪಾಠ ಯೋಜನೆ ಬರೆದು ತಾವೇ ಪಾಠ ಮಾಡಬೇಕು. ಈ ಮೂರರಲ್ಲಿ ನೋಡುವುದೇ ಸುಲಭ ಎಂದು ನಾನು ತಿಳಿದಿದ್ದೆ.

ಆ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನಲಿ-ಕಲಿ ಪದ್ಧತಿಯಲ್ಲಿ ಕಲಿಯುತ್ತಾರೆ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿಯನ್ನು ನೋಡಿ ಬಂದ ನಮ್ಮ ಸರ್ಕಾರಿ ಶಿಕ್ಷಕರೇ ಅದನ್ನು ರೂಪಿಸಿದರು. ಇಲ್ಲಿ ಬೆಂಚುಗಳಿಲ್ಲ. ಮಕ್ಕಳು ಗುಂಪುಗಳಾಗಿ ನೆಲದ ಮೇಲೆ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದಕ್ಕೆ ಸ್ವಲ್ಪ ಮಾತ್ರ. ಮತ್ತೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಕೊನೆಯ ಗುಂಪಿನಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿಯ ಚಿತ್ರ ಇರುತ್ತದೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಪಕ್ಕದವನು ಎಲ್ಲಿದ್ದಾನೆ ಎಂಬುದು ಮುಖ್ಯವಲ್ಲ.

ಮೊದಲು ಜರ್ನಲ್, ಆಮೇಲೆ ಲೆಡ್ಜರ್

ಮೊದಲ ದಿನ ಆಪಾ ನನಗೆ 100 ಪುಟದ ಒಂದು ನೋಟ್‌ಬುಕ್ ಕೊಟ್ಟರು. “ಏನು ಕಾಣುತ್ತೋ ಅದನ್ನು ಬರಿ. ಏನು ಅನಿಸುತ್ತೋ ಅದನ್ನಲ್ಲ” ಎಂದರು.

ಸಂಜೆ ನನ್ನ ಪುಟ ಓದಿ ನಕ್ಕರು. “ಮಕ್ಕಳು ತುಂಬಾ ಗಲಾಟೆ ಮಾಡಿದರು. ಒಬ್ಬಳು ಸೋಮಾರಿ. ಒಬ್ಬ ಜಾಣ” ಎಂದು ಬರೆದಿದ್ದೆ. “ಇದರಲ್ಲಿ ನೀನು ಕಂಡದ್ದು ಯಾವುದು?” ಎಂದು ಕೇಳಿದರು. ಯಾವುದೂ ಇರಲಿಲ್ಲ. ಸೋಮಾರಿ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. “ಹತ್ತು ನಿಮಿಷದಲ್ಲಿ ಎರಡು ಸಾಲು ಬರೆದಳು, ನಾಲ್ಕು ಸಲ ಕಿಟಕಿಯ ಕಡೆ ನೋಡಿದಳು” ಎಂದರೆ ಅದು ಕಂಡದ್ದು.

ಕಾಮರ್ಸ್ ಓದುವ ನಮಗೆ ಇದು ಹೊಸ ಮಾತಲ್ಲ. ಅಕೌಂಟೆನ್ಸಿ ತರಗತಿಯಲ್ಲಿ ಮೊದಲು ಕಲಿತದ್ದೇ ಇದು. ವ್ಯವಹಾರ ನಡೆದ ಹಾಗೆ, ದಿನಾಂಕದ ಕ್ರಮದಲ್ಲಿ, ವಿವರಣೆಯೊಂದಿಗೆ ಜರ್ನಲ್‌ನಲ್ಲಿ ಬರೆಯಬೇಕು. ಆಮೇಲೆ ಅದನ್ನು ಲೆಡ್ಜರ್‌ನಲ್ಲಿ ಆಯಾ ಖಾತೆಗೆ ಹಾಕಬೇಕು. ಬ್ಯಾಲೆನ್ಸ್ ಎಳೆಯುವುದು ಕೊನೆಗೆ. ನಾನು ಒಂದೂ ನಮೂದು ಬರೆಯದೆ ನೇರವಾಗಿ ಬ್ಯಾಲೆನ್ಸ್ ಎಳೆದಿದ್ದೆ.

ಮರುದಿನ ಪುಟದ ಮಧ್ಯೆ ಗೆರೆ ಹಾಕಿದೆ. ಎಡಗಡೆ ಸಮಯ ಮತ್ತು ಕಂಡದ್ದು, ಬಲಗಡೆ ನನಗೆ ಬಂದ ಪ್ರಶ್ನೆ. ಆಗ ಸಣ್ಣ ಸಣ್ಣ ವಿಷಯಗಳು ಕಾಣತೊಡಗಿದವು. ಒಂದನೇ ತರಗತಿಯ ಇಬ್ಬರು ಕನ್ನಡ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ಬರೆಯುತ್ತಿದ್ದರು. ಅವರ ಉರ್ದು ಪುಸ್ತಕ ತೆರೆಯುವುದೇ ಆ ಕಡೆಯಿಂದ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಅಂಕೆಗಳು ಮಾತ್ರ ಉರ್ದುವಿನಲ್ಲೂ ಎಡದಿಂದ ಬಲಕ್ಕೇ. ಆರು ವರ್ಷದ ಮಗು ಒಂದೇ ದಿನದಲ್ಲಿ ಮೂರು ಸಲ ಕೈಯ ದಿಕ್ಕು ಬದಲಿಸಬೇಕು. ಅಷ್ಟು ಕೆಲಸ ಮಾಡುತ್ತಿರುವ ಮಗುವನ್ನು “ಪುಸ್ತಕ ಹಿಡಿಯೋಕೂ ಬರಲ್ಲ” ಎಂದು ಬೈದರೆ ಹೇಗೆ?

ನಾನು ಮಾಡಿದ ತಪ್ಪು

ಎರಡನೇ ವಾರದ ಸೋಮವಾರ, ಮೂರನೇ ತರಗತಿಯ ನಾಲ್ಕು ಮಕ್ಕಳಿಗೆ ಸಂಖ್ಯೆಗಳ ಉಕ್ತಲೇಖನ ಕೊಡಲು ಟೀಚರ್ ನನಗೆ ಹೇಳಿದರು. ಉರ್ದುವಿನಲ್ಲಿ ಎಂಟು ಸಂಖ್ಯೆ ಹೇಳಿದೆ: ಪಚ್ಚೀಸ್, ಉನ್ತೀಸ್, ಉನ್ತಾಲೀಸ್, ಸೈಂತಾಲೀಸ್, ಉನ್ಸಠ್, ಉನ್ಹತ್ತರ್, ಉನ್ಯಾಸಿ, ನವಾಸಿ. ಅಂದರೆ 25, 29, 39, 47, 59, 69, 79, 89.

ಒಬ್ಬ ಹುಡುಗ ಬರೆದದ್ದು ಹೀಗಿತ್ತು: 25, 39, 49, 47, 69, 79, 89, 89.

ಎಂಟಕ್ಕೆ ಮೂರು ಸರಿ. ಕೆಂಪು ಪೆನ್ನಿನಿಂದ ಐದು ತಪ್ಪು ಗುರುತು ಹಾಕಿದೆ. “ಎರಡು ಸಲ 89 ಬರೆದಿದ್ದೀಯ, ನೋಡಿಕೊಳ್ಳಲ್ವಾ? ಮೂರನೇ ಕ್ಲಾಸಿಗೆ ಬಂದು ಇಷ್ಟೂ ಬರಲ್ವಾ?” ಎಂದೆ. ಉಳಿದ ಮೂವರು ನಕ್ಕರು. ಅವನು ಸ್ಲೇಟನ್ನು ಮಡಿಲಿನಲ್ಲಿ ಮಗುಚಿ ಇಟ್ಟುಕೊಂಡ. ನನ್ನ ನೋಟ್‌ಬುಕ್‌ನಲ್ಲಿ “ಗಮನ ಇಲ್ಲ. ಸಂಖ್ಯೆ ಬರುವುದಿಲ್ಲ” ಎಂದು ಬರೆದೆ.

ಮರುದಿನ ಅವನು ಶಾಲೆಗೆ ಬರಲಿಲ್ಲ.

ಹಿಂದಿನ ರಾತ್ರಿಯೇ ಆಪಾ ಆ ಪುಟ ನೋಡಿದ್ದರು. ಆ ಸಲ ನಗಲಿಲ್ಲ. “ಅವನು ಬರೆದದ್ದನ್ನು ಮತ್ತೊಮ್ಮೆ ಓದು. ತಪ್ಪುಗಳನ್ನು ಎಣಿಸಬೇಡ, ಓದು” ಎಂದರು. ಓದಿದೆ. 29ಕ್ಕೆ 39, 39ಕ್ಕೆ 49, 59ಕ್ಕೆ 69, 69ಕ್ಕೆ 79, 79ಕ್ಕೆ 89. ಪ್ರತಿ ಸಲವೂ ಸರಿಯಾಗಿ ಹತ್ತು ಹೆಚ್ಚು. ಗಮನ ಇಲ್ಲದವನು ಇಷ್ಟು ಕ್ರಮವಾಗಿ ತಪ್ಪು ಮಾಡುವುದಿಲ್ಲ.

ತಪ್ಪಿನೊಳಗಿನ ಲೆಕ್ಕ

ಉರ್ದುವಿನಲ್ಲಿ ತೀಸ್ ಎಂದರೆ 30, ಚಾಲೀಸ್ ಎಂದರೆ 40. ಉನ್ತೀಸ್ ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಆ ‘ಉನ್’ ಬಂದದ್ದು ಸಂಸ್ಕೃತದ ‘ಊನ’ದಿಂದ. ಕನ್ನಡದಲ್ಲೂ ಕೊರತೆಗೆ ಊನ ಎನ್ನುತ್ತೇವಲ್ಲ, ಅದೇ. ಹುಡುಗನಿಗೆ ‘ತೀಸ್’ ಕೇಳಿಸಿತು, ಮೂವತ್ತರ ಮನೆ ಎಂದುಕೊಂಡ. ‘ಉನ್’ ಬಂದರೆ ಒಂಬತ್ತು ಎಂದು ಅವನಿಗೆ ಗೊತ್ತಿತ್ತು. ಎರಡನ್ನೂ ಸೇರಿಸಿ 39 ಬರೆದ. ಹಾಗಾದರೆ 89 ಹೇಗೆ ಸರಿಯಾಯಿತು? ನವಾಸಿ ಎಂಬ ಪದ ಈ ‘ಒಂದು ಕಡಿಮೆ’ ಕ್ರಮದಲ್ಲಿಲ್ಲ. ಅದು ಒಂಬತ್ತು ಮತ್ತು ಎಂಬತ್ತು ನೇರವಾಗಿ ಸೇರಿದ ಪದ. ಅವನ ನಿಯಮ ಅಲ್ಲಿ ಸರಿಹೊಂದಿತು. ಅವನು ಎರಡು ಸಲ 89 ಬರೆದದ್ದಕ್ಕೂ ಕಾರಣ ಇತ್ತು.

ನಾನೂ ಉರ್ದು ಮಾತನಾಡುವ ಮನೆಯವಳೇ. ಇಷ್ಟು ವರ್ಷ ಈ ಪದಗಳನ್ನು ಬಳಸಿದ್ದೇನೆ. ಅವುಗಳ ಒಳಗೆ ಹೀಗೊಂದು ಕಳೆಯುವ ಲೆಕ್ಕ ಇದೆ ಎಂದು ಆ ರಾತ್ರಿಯವರೆಗೂ ಗಮನಿಸಿರಲಿಲ್ಲ.

ಬುಧವಾರ ಅವನು ಬಂದ. ನನ್ನ ಮಾತಿನಿಂದಲೇ ಬರಲಿಲ್ಲವೇನೋ ಎಂದು ಮಂಗಳವಾರ ಪೂರ್ತಿ ಹೆದರಿದ್ದೆ. ಕೇಳಿದಾಗ “ಸಂತೆ ಇತ್ತು ಬಾಜಿ, ಅಬ್ಬಾ ಜೊತೆ ಹೋಗಿದ್ದೆ” ಎಂದ. ಅವರದು ಹಣ್ಣಿನ ತಳ್ಳುಗಾಡಿ. ನಾನು ಕನ್ನಡದಲ್ಲಿ ಕೇಳಿದೆ: “ಇಪ್ಪತ್ತೊಂಬತ್ತು ರೂಪಾಯಿ ಹಣ್ಣಿಗೆ ಐವತ್ತು ಕೊಟ್ಟರೆ ವಾಪಸ್ ಎಷ್ಟು?” “ಇಪ್ಪತ್ತೊಂದು” ಎಂದ, ಒಂದು ಕ್ಷಣವೂ ಯೋಚಿಸದೆ. ಇಪ್ಪತ್ತೊಂಬತ್ತು ಬರಿ ಎಂದೆ. 29 ಬರೆದ. ಮೂವತ್ತೊಂಬತ್ತು, ಐವತ್ತೊಂಬತ್ತು, ಎಪ್ಪತ್ತೊಂಬತ್ತು, ಎಲ್ಲವೂ ಸರಿ. ಸಂತೆಯಲ್ಲಿ ಗಿರಾಕಿಗಳು ಮಾತನಾಡುವುದು ಕನ್ನಡ. ಕನ್ನಡದ ಪದದಲ್ಲಿ ಇಪ್ಪತ್ತೂ ಒಂಬತ್ತೂ ಬರೆಯುವ ಕ್ರಮದಲ್ಲೇ ಕೇಳಿಸುತ್ತವೆ.

ಆಮೇಲೆ ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಇಪ್ಪತ್ತೊಂಬತ್ತರ ಪಕ್ಕ ಉನ್ತೀಸ್, ಮೂವತ್ತೊಂಬತ್ತರ ಪಕ್ಕ ಉನ್ತಾಲೀಸ್. “ತೀಸ್‌ಗೆ ಒಂದು ಕಮ್ಮಿ” ಎಂದು ಹೇಳಿದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವನೇ ಹೇಳತೊಡಗಿದ. ಸೋಮವಾರ ನಕ್ಕಿದ್ದ ಮೂವರ ಎದುರೇ “ಸೋಮವಾರ ನಾನು ಹೇಳಿದ್ದು ತಪ್ಪು” ಎಂದೆ. ಅವನು ಏನೂ ಹೇಳಲಿಲ್ಲ. ಸ್ಲೇಟನ್ನು ಮಾತ್ರ ಮಗುಚಲಿಲ್ಲ.

ಇದು ನಮ್ಮೂರಿನ ಒಬ್ಬ ಹುಡುಗನ ಕಥೆ ಮಾತ್ರವಲ್ಲ ಎಂದು ಆಪಾ ಹೇಳಿದರು. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐದು ಮಕ್ಕಳನ್ನು ಕ್ಯಾರಹರ್ ಮತ್ತು ಅವರ ಸಂಗಡಿಗರು ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದ್ದಾರೆ. ವ್ಯಾಪಾರದ ಸಮಯದಲ್ಲಿ ಆ ಮಕ್ಕಳ ಲೆಕ್ಕ ಶೇಕಡಾ 98ರಷ್ಟು ಸರಿಯಿತ್ತು. ಅಂಥದೇ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೀ ಅಂಕೆಗಳಲ್ಲಿ ಕೊಟ್ಟಾಗ ಸರಿಯಾದದ್ದು ಸುಮಾರು ಶೇಕಡಾ 37 ಮಾತ್ರ. ಮಗುವಿಗೆ ಗೊತ್ತಿರುವುದು ಬೇರೆ, ನಮ್ಮ ಪ್ರಶ್ನೆ ಹೊರತೆಗೆಯುವುದು ಬೇರೆ.

ಆದರೆ ಇದರಿಂದ ಶಾಲೆ ಬಿಟ್ಟು ಸಂತೆಗೆ ಹೋಗುವುದೇ ಒಳ್ಳೆಯದು ಎಂದು ಅರ್ಥವಲ್ಲ. ಅವನು ಪ್ರತಿ ಮಂಗಳವಾರ ಗೈರುಹಾಜರಾಗುವುದು ಹಾಜರಿ ಪುಸ್ತಕದಲ್ಲಿ ಕಾಣುತ್ತಿತ್ತು. ಟೀಚರ್ ಅವನ ತಂದೆಯನ್ನು ಕರೆಸಿ ಮಾತನಾಡಿದರು. ಸಂಜೆ ಶಾಲೆ ಬಿಟ್ಟ ಮೇಲೆ ಸಂತೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವರು ಒಪ್ಪಿದರು. ನಾನಿದ್ದ ಕೊನೆಯ ಮಂಗಳವಾರ ಅವನು ತರಗತಿಯಲ್ಲಿದ್ದ.

ಸಹಾಯ ಎಷ್ಟು ಮಾಡಬೇಕು?

ಮಗು ತಡವರಿಸಿದ ಕೂಡಲೇ ಉತ್ತರ ಹೇಳಿಬಿಡುವುದು ನನ್ನ ಇನ್ನೊಂದು ಅಭ್ಯಾಸವಾಗಿತ್ತು. ಒಬ್ಬ ಹುಡುಗಿ ‘ಳ’ ಬರೆಯಲು ಬಾರದೆ ನೋಡಿದಾಗ ಪೆನ್ಸಿಲ್ ಕಸಿದು ನಾನೇ ಬರೆದುಕೊಟ್ಟೆ. ಮೂರನೇ ದಿನಕ್ಕೆ ಅವಳು ನನ್ನನ್ನು ಕಂಡ ತಕ್ಷಣ ಪೆನ್ಸಿಲ್ ಕೈಗೆ ಕೊಡತೊಡಗಿದಳು. “ನಕ್ಕೋ, ಪೆನ್ಸಿಲ್ ಅವಳ ಕೈಯಲ್ಲೇ ಇರಲಿ” ಎಂದು ಆಪಾ ದೂರದಿಂದಲೇ ಹೇಳಿದರು.

ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತನ್ನು ರೆಕಾರ್ಡ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತನಾಡಿದರು. ನಾನು ಮನಸ್ಸಿನಲ್ಲಿ “ಏಕ್, ದೋ, ತೀನ್” ಎಂದು ಎಣಿಸಿ ನೋಡಿದೆ. ಮೂರು ಸೆಕೆಂಡ್ ಬಹಳ ದೀರ್ಘವಾಗಿ ಅನಿಸುತ್ತದೆ. ಆದರೆ ಉತ್ತರ ಬರುತ್ತದೆ.

ಹೋಗುವವರಿಗೆ ಕೆಲವು ಸೂಚನೆಗಳು

1. ಮುಖ್ಯ ಶಿಕ್ಷಕರ ಅನುಮತಿ ಇಲ್ಲದೆ ಹೋಗಬೇಡಿ. ತರಗತಿ ಶಿಕ್ಷಕರದು, ನಾವು ಅತಿಥಿಗಳು. ಅವರನ್ನು ಮಕ್ಕಳ ಎದುರು ತಿದ್ದಬೇಡಿ.

2. ಸಮಯ ಹಾಕಿ, ಕಂಡದ್ದನ್ನು ಮಾತ್ರ ಬರೆಯಿರಿ. ಜಾಣ, ದಡ್ಡ, ಸೋಮಾರಿ ಎಂಬ ಪದಗಳು ಬಂದರೆ ಹೊಡೆದುಹಾಕಿ.

3. ತಪ್ಪು ಉತ್ತರಗಳನ್ನು ಹಾಗೆಯೇ ನಕಲು ಮಾಡಿಕೊಳ್ಳಿ. ಅಂಕ ಮಾತ್ರ ಬರೆದುಕೊಂಡರೆ ಕಾರಣ ಸಿಗುವುದಿಲ್ಲ.

4. ಮಗುವನ್ನು ಹೊಡೆಯುವಂತಿಲ್ಲ, ಅವಮಾನಿಸುವಂತೆಯೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ನನ್ನ “ಇಷ್ಟೂ ಬರಲ್ವಾ?” ಎಂಬ ಮಾತು ಯಾವ ಕಡೆಗೆ ಸೇರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

5. ಮಕ್ಕಳ ಹೆಸರು ನೋಟ್‌ಬುಕ್‌ನಲ್ಲಿ ಬೇಡ, ಫೋಟೋ ಸ್ಟೇಟಸ್‌ನಲ್ಲಿ ಬೇಡ.

6. ಮನೆಮಾತು ಕೀಳಲ್ಲ. ಉರ್ದುವಿನಲ್ಲಿ ಸಿಕ್ಕಿಹಾಕಿಕೊಂಡರೆ ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಸಿಕ್ಕಿಹಾಕಿಕೊಂಡರೆ ಉರ್ದುವಿನಲ್ಲಿ ಕೇಳಿ. ಎರಡು ಭಾಷೆ ಗೊತ್ತಿರುವ ನಮಗೆ ಎರಡು ಬಾಗಿಲುಗಳಿವೆ.

ನೀವೂ ಮಾಡಿ ನೋಡಿ

ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ, ಓದಲು ಕುಳಿತಾಗ ಹತ್ತು ನಿಮಿಷ ಏನೂ ಹೇಳದೆ ನೋಡಿ. ಕಂಡ ಹತ್ತು ಸಂಗತಿಗಳನ್ನು ಬರೆಯಿರಿ. ಅವುಗಳಲ್ಲಿ ಎಷ್ಟು ನಿಜವಾಗಿ ಕಂಡದ್ದು, ಎಷ್ಟು ನಿಮಗೆ ಅನಿಸಿದ್ದು ಎಂದು ಬೇರೆ ಮಾಡಿ. ನನ್ನ ಮೊದಲ ಪುಟದಲ್ಲಿ ಕಂಡದ್ದು ಸೊನ್ನೆ ಇತ್ತು. ನಿಮ್ಮದು ಅದಕ್ಕಿಂತ ಚೆನ್ನಾಗಿರಲಿ.

ಆ ಸೋಮವಾರದ ಪುಟವನ್ನು ನಾನು ಹರಿದುಹಾಕಿಲ್ಲ. ಅಕೌಂಟೆನ್ಸಿಯಲ್ಲಿ ತಪ್ಪು ನಮೂದನ್ನು ಅಳಿಸುವ ಹಾಗಿಲ್ಲ, ತಿದ್ದುಪಡಿ ನಮೂದು ಬರೆಯಬೇಕು. ಆದ್ದರಿಂದ “ಸಂಖ್ಯೆ ಬರುವುದಿಲ್ಲ” ಎಂಬ ಸಾಲಿನ ಕೆಳಗೆ ಬುಧವಾರದ ದಿನಾಂಕ ಹಾಕಿ ಹೀಗೆ ಬರೆದಿದ್ದೇನೆ: “ಬರುತ್ತದೆ. ನನಗೆ ಕೇಳಲು ಬಂದಿರಲಿಲ್ಲ.”