ನಾಲಿಗೆ ಕಾಯುವ ಕಸುಬು

ಹರಪನಹಳ್ಳಿ ತಾಲ್ಲೂಕಿನ ನಮ್ಮ ಅರಸೀಕೆರೆ ಕಡೆ ಖಾನಾವಳಿ ಅಡುಗೆಗೆ ನಿಂತವರಿಗೆ ಸೌಟಿಗಿಂತ ನಾಲಿಗೆಯೇ ದೊಡ್ಡ ಸಾಮಾನು. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ.

1. ಕುದಿಯುವ ಸಾರಿನಲ್ಲಿ ಉಪ್ಪು ನೋಡಬೇಡಿ. ಬಟ್ಟಲಿಗೆ ಸ್ವಲ್ಪ ಹಾಕಿಕೊಂಡು ಆರಿಸಿ ನೋಡಿ. ಸುಡುವ ಸಾರಿನಲ್ಲಿ ನಾಲಿಗೆಗೆ ತಿಳಿಯುವುದು ಬಿಸಿ ಮಾತ್ರ. ಎಲೆ-ಅಡಿಕೆ ಬಾಯಲ್ಲಿದ್ದರಂತೂ ರುಚಿ ನೋಡಲೇಬೇಡಿ. ಮತ್ತೆ ಮತ್ತೆ ನೋಡಿ ನಾಲಿಗೆ ಮಂಕಾದರೆ ಬಾಯಿ ಮುಕ್ಕಳಿಸಿ, ಇನ್ನೊಬ್ಬರಿಗೆ ಕೊಟ್ಟು ಕೇಳಿ.

2. ಖಾರ ರುಚಿಯಲ್ಲ, ಉರಿ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಕೆಣಕುವುದು ಬಿಸಿ, ನೋವು ಅರಿಯುವ ನರಗಳನ್ನು. ಅದು ಜಿಡ್ಡಿನಲ್ಲಿ ಕರಗುತ್ತದೆ, ನೀರಿಗೆ ಜಗ್ಗುವುದಿಲ್ಲ. ಜೋಳದ ರೊಟ್ಟಿ, ಕೆಂಪು ಖಾರದ ಪಕ್ಕದಲ್ಲಿ ಗಟ್ಟಿ ಮೊಸರು, ಗುರೆಳ್ಳು ಚಟ್ನಿಯ ಮೇಲೆ ಎಣ್ಣೆ ಬಡಿಸುವುದು ಸುಮ್ಮನೆ ಅಲ್ಲ. ಬಾಯಿ ಉರಿಯಿತು ಅಂದವರಿಗೆ ನೀರಿಗಿಂತ ಮೊದಲು ಮೊಸರು ಕೊಡಿ.

3. ಕೆಂಪಗಿದ್ದದ್ದೆಲ್ಲ ಖಾರವಲ್ಲ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. ಎರಡನ್ನೂ ಬೆರೆಸಿ ಪುಡಿ ಮಾಡಿಸಿ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಆ ಬಣ್ಣದಿಂದ ರುಚಿ ಒಂದಿಷ್ಟೂ ಹೆಚ್ಚುತ್ತಿರಲಿಲ್ಲ. ಗಿರಾಕಿಯ ಕಣ್ಣು ಮಾತ್ರ ಮೋಸ ಹೋಗುತ್ತಿತ್ತು.

4. ನೆಗಡಿ ಬಂದ ದಿನ ಒಲೆ ಬಿಟ್ಟು ಗಲ್ಲಾ ನೋಡಿಕೊಳ್ಳಿ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. ಮೂಗು ಕಟ್ಟಿದವನಿಗೆ ಎಲ್ಲವೂ ಸಪ್ಪೆ. ಮಸಾಲೆ ಸುರಿಯುತ್ತಲೇ ಹೋಗುತ್ತಾನೆ. ಘಮ ಹಾರಿಹೋಗುವಂಥದ್ದಾದ್ದರಿಂದ ಒಗ್ಗರಣೆಯೂ ಬಡಿಸುವ ಹೊತ್ತಿಗೇ ಬೀಳಲಿ.

5. ಹಾಗಲಕಾಯಿ ಪಲ್ಯ ಕಹಿಯಾದರೆ ಬೆಲ್ಲದ ಡಬ್ಬಿಗೆ ಕೈ ಹಾಕುವ ಮೊದಲು ಉಪ್ಪು ಸರಿಯಿದೆಯೇ ನೋಡಿ. ಉಪ್ಪು ತನ್ನ ರುಚಿ ಕೊಡುವುದಷ್ಟೇ ಅಲ್ಲ, ಕಹಿಯನ್ನೂ ತಗ್ಗಿಸುತ್ತದೆ.

6. ಉಣ್ಣುವವರ ರೂಢಿ ತಿಳಿದು ಬಡಿಸಿ. ಭರತ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಬರುವ ನಮ್ಮ ಸೀಮೆಯ ಭಕ್ತರಿಗೆ ಖಾರ ಬೇಕು. ಮೈಸೂರು ಕಡೆಯಿಂದ ವರ್ಗವಾಗಿ ಬಂದ ನೌಕರರು ಅದೇ ಪಲ್ಯಕ್ಕೆ ಕಣ್ಣೀರು ಹಾಕುತ್ತಾರೆ. ಇದರಲ್ಲಿ ಯಾರ ಅಭಿರುಚಿಯೂ ಮೇಲಲ್ಲ, ಕೀಳಲ್ಲ. ವಯಸ್ಸಾದಂತೆ ನಾಲಿಗೆ, ಮೂಗು ಎರಡೂ ಮಂದವಾಗುತ್ತವೆ. "ಯಾಕೋ ಸಪ್ಪಗೈತಲ್ಲೋ ತಮ್ಮಾ" ಎಂದು ಅಜ್ಜ ಅಂದರೆ ಉಪ್ಪು ಸುರಿಯಬೇಡಿ. ನಿಂಬೆಹುಳಿ ಹಿಂಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿಕೊಡಿ.

7. "ಊಟ ಹೆಂಗಿತ್ರೀ?" ಎಂದು ಕೇಳಿ ಬೀಗಬೇಡಿ. ನಮ್ಮ ಜನ ಮರ್ಯಾದಸ್ಥರು, "ಚಲೋ ಇತ್ತು" ಅಂತಲೇ ಹೇಳುತ್ತಾರೆ. ತಟ್ಟೆ ತೆಗೆಯುವಾಗ ಏನು ಉಳಿದಿದೆ ನೋಡಿ. ಎಣ್ಣೆಗಾಯಿ ಖಾಲಿಯಾಗಿ ಕಾಳುಪಲ್ಯ ಹಾಗೇ ಇದ್ದರೆ, ನಾಳೆ ತಿದ್ದಬೇಕಾದ್ದು ಕಾಳುಪಲ್ಯ.